ಎಲ್‌ಎಸ್‌ಡಿ ತಗೊಂಡು ಎರಡು ತಿಂಗಳಾಯಿತು, ಬಲಗಣ್ಣಿನ ನಡುವಿನ ಕಲೆ ಹೋಗುತ್ತಿಲ್ಲ

ಕರಡುಪುಟ (ಪ್ರಶ್ನೆ)

ನಮಸ್ಕಾರ. ಈ ಪ್ರಶ್ನೆಯನ್ನು ಮೂರು ಸಲ ಬರೆದು ಅಳಿಸಿದ್ದೇನೆ. ಇವತ್ತು ಕಳಿಸಿಯೇ ಬಿಡುತ್ತೇನೆ. ನಿನ್ನೆ ಕೆಲಸದಲ್ಲಿ ಆದದ್ದು ನೋಡಿ ನಿಜಕ್ಕೂ ಹೆದರಿದ್ದೇನೆ.

ನನಗೆ 26 ವರ್ಷ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ನಿನ್ನೆ ಒಂದು ಅಧ್ಯಾಯದಲ್ಲಿ ನಾಲ್ಕು ಕಡೆ ‘ಅರ್ಥ’ ಎಂದು ಇರಬೇಕಾದ ಜಾಗದಲ್ಲಿ ‘ಅರ್ಧ’ ಎಂದು ಬಿದ್ದಿದೆ ಅಂತ ಗುರುತು ಹಾಕಿ ಕಳಿಸಿದೆ. ಸಂಪಾದಕರು ಫೋನ್ ಮಾಡಿ, “ಅಲ್ಲಿ ಸರಿಯಾಗಿಯೇ ಇದೆಯಲ್ಲಮ್ಮ, ಥಕಾರವೇ ಇದೆ” ಅಂದರು. ಪುಟ ತೆಗೆದು ಮತ್ತೆ ನೋಡಿದೆ. ನೇರವಾಗಿ ನೋಡಿದರೆ ಧ ಕಾಣುತ್ತದೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಥಕಾರದ ಹೊಟ್ಟೆಯೊಳಗಿನ ಚುಕ್ಕೆ ಬರುತ್ತದೆ. ಆ ಚುಕ್ಕೆಯನ್ನು ನನ್ನ ಕಣ್ಣು ನುಂಗುತ್ತಿದೆ.

ಈಗ ಇದರ ಹಿಂದಿನದು. ಕಳೆದ ಒಂದು ವರ್ಷದಲ್ಲಿ ಮೂರು ಸಲ ಎಲ್‌ಎಸ್‌ಡಿ ಅನ್ನುವ ಭ್ರಮೆ ಹುಟ್ಟಿಸುವ ಡ್ರಗ್ ತಗೊಂಡಿದ್ದೇನೆ. ಮೊದಲ ಎರಡು ಸಲ ಏನೂ ಆಗಲಿಲ್ಲ. ಮೂರನೇ ಸಲ ಎರಡು ತಿಂಗಳ ಹಿಂದೆ, ಗೆಳತಿಯರ ಜೊತೆ, ಮನೆಯ ತಾರಸಿಯ ಮೇಲೆ. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಬೆನ್ನ ಮೇಲೆ ಮಲಗಿ ಸೂರ್ಯನನ್ನು ನೋಡುತ್ತಿದ್ದೆ. ಅದು ಉಸಿರಾಡುವ ಹಾಗೆ ಹಿಗ್ಗಿ ಕುಗ್ಗುತ್ತಿತ್ತು. ಕಣ್ಣು ಉರಿಯಲಿಲ್ಲ, ನೀರು ಬರಲಿಲ್ಲ, ಕಣ್ಣು ತಿರುಗಿಸಬೇಕು ಅಂತ ಅನ್ನಿಸಲೇ ಇಲ್ಲ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಗೆಳತಿ ಬಂದು ಮುಖದ ಮೇಲೆ ದುಪಟ್ಟಾ ಹಾಕಿ ಒಳಗೆ ಎಳೆದುಕೊಂಡು ಹೋದಳಂತೆ. “ಎರಡು ಮೂರು ನಿಮಿಷ ಇರಬಹುದು” ಅನ್ನುತ್ತಾಳೆ.

ಮಾರನೇ ದಿನದಿಂದ ಬಲಗಣ್ಣಿನ ನಟ್ಟನಡುವೆ ಒಂದು ಕಂದು ಹಳದಿ ಕಲೆ. ಮೊದಲ ವಾರ ಜಾಸ್ತಿ ಇತ್ತು, ಈಗ ಮಾಸಿದೆ, ಆದರೆ ಹೋಗಿಲ್ಲ. ಇನ್ನೊಂದು ಮಾತು ಹೇಳಬೇಕು. ನನ್ನ ಎಡಗಣ್ಣು ಚಿಕ್ಕಂದಿನಿಂದ ಸೋಮಾರಿ ಕಣ್ಣು. ಅದಕ್ಕೆ ಪ್ಲಸ್ ಪವರ್, ಕನ್ನಡಕ ಹಾಕಿದರೂ ಸಣ್ಣ ಅಕ್ಷರ ಓದಲಾಗುವುದಿಲ್ಲ. ನಾನು ಓದುವುದೆಲ್ಲ ಬಲಗಣ್ಣಿನಲ್ಲೇ.

ಇದರ ಜೊತೆಗೆ ಬೇರೆ ಕೆಲವು ಕಾಟಗಳೂ ಶುರುವಾಗಿವೆ. ಕತ್ತಲ ಕೋಣೆಗೆ ಹೋದರೆ ಗೋಡೆ ಮೇಲೆಲ್ಲ ಸಣ್ಣ ಚುಕ್ಕೆಗಳು ಮಿಣಮಿಣ ಅನ್ನುತ್ತವೆ, ಹಳೆಯ ಟಿವಿಯಲ್ಲಿ ಚಾನೆಲ್ ಸಿಗದಾಗ ಬರುತ್ತಿದ್ದ ಹಾಗೆ. ಕೈ ಬೀಸಿದರೆ ಕೈಯ ಹಿಂದೆ ಅದರದೇ ನೆರಳುಗಳ ಸಾಲು ಬರುತ್ತದೆ. ಬಿಳಿ ಪರದೆಯಿಂದ ಕಣ್ಣು ತೆಗೆದರೆ ಆ ಚೌಕ ತುಂಬಾ ಹೊತ್ತು ಗಾಳಿಯಲ್ಲಿ ನಿಂತಿರುತ್ತದೆ. ದೀಪಗಳ ಸುತ್ತ ಬಳೆ ಕಾಣುತ್ತದೆ. ಇವೆಲ್ಲ ಎರಡೂ ಕಣ್ಣಿನಲ್ಲೂ ಇವೆ.

ಒಂದು ಕಡೆ ಕಣ್ಣು ತೋರಿಸಿದೆ. ನಿಜ ಹೇಳಲಿಲ್ಲ. ಕಂಪ್ಯೂಟರ್ ಜಾಸ್ತಿ ನೋಡುತ್ತೇನೆ ಅಂದೆ. ಅವರು ಬೋರ್ಡ್ ಓದಿಸಿ, ಕಣ್ಣು ಒಣಗಿದೆ ಎಂದು ಡ್ರಾಪ್ಸ್ ಕೊಟ್ಟು ಕಳಿಸಿದರು. ಆರು ವಾರದಿಂದ ಹಾಕುತ್ತಿದ್ದೇನೆ.

ನಾನು ಕುರುಡಿಯಾಗುತ್ತಿದ್ದೇನಾ? ಎಲ್‌ಎಸ್‌ಡಿ ಕಣ್ಣಿನ ನರವನ್ನು ತಿನ್ನುತ್ತದಾ? ಡಾಕ್ಟರ್ ಹತ್ತಿರ ನಿಜ ಹೇಳಿದರೆ ಮನೆಗೆ ಗೊತ್ತಾಗುತ್ತದಾ? ಅಮ್ಮನಿಗೆ ಇದ್ಯಾವುದೂ ಗೊತ್ತಿಲ್ಲ.

ಲೆನ್ಸ್‌ಪೆಟ್ಟಿಗೆ

ತಂಗಿ, ಅಳಿಸದೆ ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ನಾನು 14 ವರ್ಷದಿಂದ ಕಣ್ಣು ಪರೀಕ್ಷೆ ಮಾಡುವ ಆಪ್ಟೋಮೆಟ್ರಿಸ್ಟ್. ಡಾಕ್ಟರ್ ಅಲ್ಲ, ಆದರೆ ಡಾಕ್ಟರ್ ನೋಡುವ ಮುಂಚೆ ನಿಮ್ಮಂಥವರನ್ನು ಕೂರಿಸಿಕೊಂಡು ಮಾತಾಡುವವಳು ನಾನೇ.

ನೀವು ಒಂದು ಕಾಯಿಲೆ ಅಂದುಕೊಂಡಿರುವುದು ನನಗೆ ಎರಡಾಗಿ ಕಾಣುತ್ತಿದೆ. ಬಲಗಣ್ಣಿನ ಕಲೆ ಬೇರೆ. ಗೋಡೆ ಮೇಲಿನ ಚುಕ್ಕೆ, ಕೈ ಹಿಂದಿನ ನೆರಳು ಬೇರೆ. ಮೊದಲನೆಯದು ಕಣ್ಣಿನ ಒಳಗಿನದು, ಎರಡನೆಯದು ಬಹುಶಃ ಮಿದುಳಿನದು. ಒಂದನ್ನು ಇನ್ನೊಂದರ ಜೊತೆ ಸೇರಿಸಿ ಹೇಳಿದರೆ ಪರೀಕ್ಷೆ ಮಾಡುವವರಿಗೂ ಗೊಂದಲ.

ಕಲೆಯ ವಿಷಯ. ಎಲ್‌ಎಸ್‌ಡಿ ನರವನ್ನು ತಿಂದು ಹೀಗಾಗಿದೆ ಅನ್ನುವುದಕ್ಕಿಂತ ಸೂರ್ಯ ಸುಟ್ಟಿದ್ದಾನೆ ಅನ್ನುವುದು ನಿಮ್ಮ ಕಥೆಗೆ ಸರಿಹೊಂದುತ್ತದೆ. ಇದಕ್ಕೆ ಸೋಲಾರ್ ರೆಟಿನೋಪತಿ ಅಂತಾರೆ. ಬರಿಗಣ್ಣಲ್ಲಿ ಸೂರ್ಯಗ್ರಹಣ ನೋಡಿದವರಿಗೂ ಇದೇ ಆಗಬಹುದು. ಕಣ್ಣಿನ ಒಳಗೆ ಹಿಂಭಾಗದಲ್ಲಿ ಬಿಂಬ ಬೀಳುವ ಪರದೆಯೇ ರೆಟಿನಾ. ಅದರ ನಡುವೆ ಮ್ಯಾಕ್ಯುಲಾ ಅಂತ ಒಂದು ಜಾಗವಿದೆ, ಅದರ ನಟ್ಟನಡುವೆ ಒಂದು ಸಣ್ಣ ಗುಳಿ. ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಆ ಗುಳಿಯ ಕೆಲಸ. ನೀವು ಯಾವುದನ್ನು ದಿಟ್ಟಿಸಿದರೂ ಅದರ ಬಿಂಬ ಬೀಳುವುದು ಅಲ್ಲೇ. ಸೂರ್ಯನನ್ನು ದಿಟ್ಟಿಸಿದರೆ ಸೂರ್ಯ ಬೀಳುವುದೂ ಅಲ್ಲೇ. ಬೆಳಕಿನಿಂದ, ಅದರಲ್ಲೂ ನೀಲಿ ಬೆಳಕಿನಿಂದ, ಅಲ್ಲಿನ ಜೀವಕೋಶಗಳಲ್ಲಿ ರಾಸಾಯನಿಕ ಬದಲಾವಣೆ ಆಗಿ ಅವು ಹಾಳಾಗುತ್ತವೆ. ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಅದಕ್ಕೇ ನಿಮಗೆ ಉರಿ ಬರಲಿಲ್ಲ.

ಮಾಮೂಲಿ ಸಮಯದಲ್ಲಿ ನಾವು ಸೂರ್ಯನ ಕಡೆ ಒಂದು ಗಳಿಗೆಯೂ ನೋಡಲಾರೆವು. ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ, ತಲೆ ತಾನಾಗಿ ತಿರುಗುತ್ತದೆ. ಆ ಹೊತ್ತಿನಲ್ಲಿ ನಿಮಗೆ ತಿರುಗಬೇಕು ಅಂತ ಅನ್ನಿಸಲೇ ಇಲ್ಲ. ಇನ್ನೊಂದು, ಎಲ್‌ಎಸ್‌ಡಿ ತಗೊಂಡಾಗ ಕಣ್ಣಿನ ಪಾಪೆ ಹಿಗ್ಗಿರುತ್ತದೆ. 3 ಮಿಲಿಮೀಟರ್ ಅಗಲದ ಪಾಪೆ 6 ಮಿಲಿಮೀಟರ್ ಆದರೆ ಒಳಗೆ ಹೋಗುವ ಬೆಳಕು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಬಲಗಣ್ಣಿಗೇ ಯಾಕೆ ಅಂದರೆ, ನೀವೇ ಹೇಳಿದ್ದೀರಿ. ಎಡಗಣ್ಣು ಸೋಮಾರಿ. ದಿಟ್ಟಿಸುವ ಕಣ್ಣು ಬಲಗಣ್ಣು, ಪೆಟ್ಟು ತಿಂದದ್ದೂ ಅದೇ.

ಈಗ ಮಾಡಬೇಕಾದದ್ದು. ರೆಟಿನಾ ನೋಡುವ ಡಾಕ್ಟರ್ ಹತ್ತಿರ ಹೋಗಿ, ಈ ವಾರವೇ. ಓಸಿಟಿ ಸ್ಕ್ಯಾನ್ ಮಾಡಿಸಬೇಕು. ಅದು ರೆಟಿನಾದ ಪದರಗಳನ್ನು ಅಡ್ಡ ಕೊಯ್ದು ತೋರಿಸುವ ಹಾಗೆ ತೋರಿಸುತ್ತದೆ. ನೋವಿಲ್ಲ, ಸೂಜಿಯಿಲ್ಲ, ಐದು ನಿಮಿಷದ ಕೆಲಸ. ಬರೀ ಬೋರ್ಡ್ ಓದಿಸಿದರೆ ಇದು ಸಿಕ್ಕುವುದಿಲ್ಲ. ಜನ ಕಣ್ಣನ್ನು ಆಚೀಚೆ ಸರಿಸಿ ಬೋರ್ಡಿನ ಕೆಳಗಿನ ಸಣ್ಣ ಅಕ್ಷರಗಳ 6/9ರ ಸಾಲನ್ನೂ ಓದಿಬಿಡುತ್ತಾರೆ.

ಡಾಕ್ಟರಿಗೆ ಪೂರ್ತಿ ಹೇಳಿ: “ಎಲ್‌ಎಸ್‌ಡಿ ತಗೊಂಡು ಎರಡು ಮೂರು ನಿಮಿಷ ಸೂರ್ಯನನ್ನು ನೋಡಿದೆ, ಎರಡು ತಿಂಗಳಾಯಿತು.” ಇಷ್ಟೇ ವಾಕ್ಯ ಸಾಕು. ಇದನ್ನು ಹೇಳದಿದ್ದರೆ ಅವರು ಬೇರೆ ಕಾಯಿಲೆ ಹುಡುಕುತ್ತಾ ಹೋಗುತ್ತಾರೆ. ನೀವು ವಯಸ್ಕರು. ನೀವು ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಮನೆಯವರಿಗೆ ಹೇಳುವುದು ವೈದ್ಯರ ಧರ್ಮವಲ್ಲ. ಈ 14 ವರ್ಷದಲ್ಲಿ ನಾನು ಕೆಲಸ ಮಾಡಿದ ಕಡೆ ಹಾಗೆ ಆಗಿದ್ದು ನೋಡಿಲ್ಲ. ಜೊತೆಗೆ ಅಮ್ಮ ಬಂದಿದ್ದರೆ “ಸ್ವಲ್ಪ ಒಬ್ಬಳೇ ಮಾತಾಡಬೇಕು” ಅಂತ ಕೇಳಿ. ಕೇಳಿದರೆ ಬಿಡುತ್ತಾರೆ.

ಬಹಳ ಜನರಿಗೆ ಮೂರರಿಂದ ಆರು ತಿಂಗಳಲ್ಲಿ ದೃಷ್ಟಿ ಸುಧಾರಿಸುತ್ತದೆ. ಕೆಲವರಿಗೆ ಸಣ್ಣ ಕಲೆ ಉಳಿದುಬಿಡುತ್ತದೆ. ಇದಕ್ಕೆ ಕೆಲಸ ಮಾಡುತ್ತದೆ ಅಂತ ಸಾಬೀತಾದ ಔಷಧಿ ಇಲ್ಲ. ಯಾರಾದರೂ ಪರಿಚಯದವರು ಸ್ಟೀರಾಯ್ಡ್ ಮಾತ್ರೆ ತಗೋ ಅಂದರೆ ಸುಮ್ನೆ ನುಂಗಬೇಡಿ, ಅದರಿಂದ ಮ್ಯಾಕ್ಯುಲಾ ಕೆಳಗೆ ನೀರು ತುಂಬುವ ಬೇರೆ ತೊಂದರೆ ಬರಬಹುದು.

ಹಳೆಯಓದುಗ

ಹೆದರಿಸಬೇಡಿ ಮೇಡಂ. ಎಲ್‌ಎಸ್‌ಡಿ ತಗೊಂಡು ಸೂರ್ಯನನ್ನು ನೋಡಿ ಕಣ್ಣು ಕಳಕೊಂಡರು ಅನ್ನುವುದು ಹಳೆಯ ಕಟ್ಟುಕಥೆ. 1968ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆರು ಕಾಲೇಜು ಹುಡುಗರು ಹೀಗೆ ಕುರುಡಾದರು ಅಂತ ಪತ್ರಿಕೆಗಳಲ್ಲೆಲ್ಲ ಬಂತು. ಆಮೇಲೆ ಅದು ಪೂರ್ತಿ ಸುಳ್ಳು ಅಂತ ಆ ರಾಜ್ಯದ ಗವರ್ನರೇ ಹೇಳಬೇಕಾಯಿತು. ಹುಡುಗರೇ ಇರಲಿಲ್ಲ.

ಲೆನ್ಸ್‌ಪೆಟ್ಟಿಗೆ

ಸರ್, ನೀವು ಹೇಳಿದ್ದು ನಿಜ. ಆ ಕಥೆ ಕಟ್ಟಿದವರು ಅಲ್ಲಿನ ಅಂಧರ ಸೇವಾ ಕಚೇರಿಯ ಮುಖ್ಯಸ್ಥ ನಾರ್ಮನ್ ಯೋಡರ್. ಮಕ್ಕಳು ಈ ಡ್ರಗ್ ಮುಟ್ಟಬಾರದು ಅನ್ನುವ ಚಿಂತೆಯಿಂದ ಹಾಗೆ ಮಾಡಿದರಂತೆ. ಆದರೆ ಕಥೆ ಕಾಲ್ಪನಿಕ ಅಂದಮಾತ್ರಕ್ಕೆ ಕಾಯಿಲೆ ಕಾಲ್ಪನಿಕ ಅಲ್ವಲ್ಲ. 1973ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಎಲ್‌ಎಸ್‌ಡಿ ಪ್ರಭಾವದಲ್ಲಿ ಸೂರ್ಯನನ್ನು ನೋಡಿ ರೆಟಿನಾ ಸುಟ್ಟುಕೊಂಡವರ ನಿಜವಾದ ವರದಿ ಬಂದಿದೆ. ಪೂರ್ತಿ ಕುರುಡಲ್ಲ, ನಡುವೆ ಕಲೆ. ಈ ತಂಗಿ ಹೇಳುವ ಹಾಗೆಯೇ. ಆ ಸುಳ್ಳಿನಿಂದ ಆದ ನಷ್ಟ ಇದು: ನಿಜವಾಗಿ ಕಲೆ ಕಾಣುತ್ತಿರುವವರ ಮಾತನ್ನೂ ಜನ ನಂಬುವುದಿಲ್ಲ. ದಯವಿಟ್ಟು ಆ ಕಾರಣಕ್ಕೆ ಇವರು ಆಸ್ಪತ್ರೆಗೆ ಹೋಗುವುದು ತಡವಾಗುವುದು ಬೇಡ.

ರಾತ್ರಿಪಾಳಿ

ಕರಡುಪುಟ ಅವರೇ, ನಿಮ್ಮ ಎರಡನೇ ಕಾಟದ ಬಗ್ಗೆ ನಾನು ಹೇಳುತ್ತೇನೆ. ಆರು ವರ್ಷದಿಂದ ಅದರ ಜೊತೆ ಬದುಕಿದ್ದೇನೆ.

ಗೋಡೆ ಮೇಲಿನ ಚುಕ್ಕೆ, ಕೈ ಹಿಂದಿನ ಸಾಲು, ಗಾಳಿಯಲ್ಲಿ ನಿಲ್ಲುವ ಚೌಕ, ದೀಪದ ಸುತ್ತ ಬಳೆ. ನೀವು ಬರೆದದ್ದು ಓದುವಾಗ ನನ್ನ ಡೈರಿ ಓದಿದ ಹಾಗಾಯಿತು. ಇದಕ್ಕೆ ಎಚ್‌ಪಿಪಿಡಿ ಅನ್ನುತ್ತಾರೆ. ಭ್ರಮೆ ಹುಟ್ಟಿಸುವ ಡ್ರಗ್ ದೇಹದಿಂದ ಹೋಗಿ ಎಷ್ಟೋ ದಿನವಾದರೂ ನೋಟದಲ್ಲಿ ಅದರ ಗುರುತು ಉಳಿಯುವುದು. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಗೆ ಇದು ಸೇರಿದ್ದು 1987ರಲ್ಲಿ, ಬೇರೆ ಹೆಸರಿನಲ್ಲಿ. ಎಲ್‌ಎಸ್‌ಡಿಯನ್ನು ಆಲ್ಬರ್ಟ್ ಹಾಫ್‌ಮನ್ ಮೊದಲು ತಯಾರಿಸಿದ್ದು 1938ರಲ್ಲಿ, ಅದರ ಪರಿಣಾಮ ಅವರಿಗೆ ಗೊತ್ತಾದದ್ದು 1943ರಲ್ಲಿ. ಅಂದರೆ ನಮ್ಮಂಥವರ ತೊಂದರೆ ಕೈಪಿಡಿಗೆ ಬರಲು ಅಲ್ಲಿಂದ 44 ವರ್ಷ ಬೇಕಾಯಿತು. ಎಷ್ಟೋ ಕಡೆ ಈಗಲೂ ಈ ಹೆಸರು ಕೇಳದ ಡಾಕ್ಟರ್ ಸಿಗುತ್ತಾರೆ. ನನಗೆ ಇಬ್ಬರು ಸಿಕ್ಕಿದ್ದರು.

ಮೊದಲ ವರ್ಷ ನಾನು ನಾಲ್ಕು ಕಡೆ ಕಣ್ಣು ತೋರಿಸಿದೆ. ಪ್ರತಿ ಸಲವೂ “ನಾರ್ಮಲ್”. ನಾರ್ಮಲ್ ಅಂದಾಗ ಸಮಾಧಾನ ಆಗಬೇಕು ಅಲ್ವಾ? ನನಗೆ ಅಳು ಬಂತು. ನಾನು ಸುಳ್ಳು ಹೇಳುತ್ತಿದ್ದೇನೆ ಅಂತ ಅವರು ತಿಳಿದರೇನೋ ಅನ್ನಿಸಿತು. ಕೊನೆಗೆ ಒಬ್ಬ ನರರೋಗ ವೈದ್ಯರು ಕೂರಿಸಿ ವಿವರಿಸಿದರು. ಎಲ್‌ಎಸ್‌ಡಿ ಹೋಗಿ ಕೂರುವುದು ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕವನ್ನು ಹಿಡಿಯುವ ಗ್ರಾಹಕಗಳ ಮೇಲೆ. ನೋಟವನ್ನು ಸೋಸುವ ಹಿಂಭಾಗದಲ್ಲಿ ಅವು ಬಹಳ ಇವೆ. ಎಲ್ಲರ ಕಣ್ಣಿನಲ್ಲೂ ಒಂದಿಷ್ಟು ಕಸ ಇದ್ದೇ ಇರುತ್ತದೆ, ಮಿದುಳು ಅದನ್ನು ಸೋಸಿ ತೆಗೆಯುತ್ತದೆ. “ನಿಮ್ಮ ಜರಡಿ ಸಡಿಲವಾಗಿದೆ, ಕಣ್ಣು ಚೆನ್ನಾಗಿಯೇ ಇದೆ” ಅಂದರು. ಅದು ಪೂರ್ತಿ ಸಾಬೀತಾದ ವಿವರಣೆ ಅಲ್ಲ ಅಂತಲೂ ಅವರೇ ಹೇಳಿದರು. ಆದರೂ ಆ ಜರಡಿಯ ಮಾತು ನನ್ನನ್ನು ಉಳಿಸಿತು.

ಎಚ್‌ಪಿಪಿಡಿಯಿಂದ ಕಣ್ಣು ಹೋಗುವುದಿಲ್ಲ. ಇದನ್ನು ಎರಡು ಸಲ ಓದಿ. ಆದರೆ ಇದು ಎಚ್‌ಪಿಪಿಡಿ ಅಂತ ನೀವೇ ತೀರ್ಮಾನ ಮಾಡಬೇಡಿ. ಮೈಗ್ರೇನ್, ಮೂರ್ಛೆ ರೋಗ, ಮಿದುಳಿನ ಬೇರೆ ತೊಂದರೆ ಇಲ್ಲ ಅಂತ ನೋಡಿದ ಮೇಲೆಯೇ ಈ ಹೆಸರು ಕೊಡುತ್ತಾರೆ. ಒಂದು ದಿನವೂ ಡ್ರಗ್ ಮುಟ್ಟದವರಿಗೂ ಹೀಗೆ ಚುಕ್ಕೆ ಕಾಣುವುದುಂಟು, ಅದಕ್ಕೆ ವಿಷುಯಲ್ ಸ್ನೋ ಅನ್ನುತ್ತಾರೆ.

ನನಗೆ ಏನು ಉಪಯೋಗ ಆಯಿತು ಅಂದರೆ, ಗಾಂಜಾ ಪೂರ್ತಿ ನಿಲ್ಲಿಸಿದ್ದು. ಅದೊಂದು ದಮ್ಮು ಎಳೆದರೂ ಮೂರು ದಿನ ಗೋಡೆ ಕುದಿಯುತ್ತಿತ್ತು. ಮತ್ತೆ ನಿದ್ದೆ. ನಾನು ರಾತ್ರಿ ಪಾಳಿ ಕೆಲಸದವನು. ನಿದ್ದೆಗೆಟ್ಟ ವಾರ ಚುಕ್ಕೆ ದಪ್ಪವಾಗುತ್ತವೆ. ಕತ್ತಲಲ್ಲಿ ಫೋನ್ ನೋಡುವುದು ಬಿಟ್ಟೆ, ಕೋಣೆಯಲ್ಲಿ ಒಂದು ಸಣ್ಣ ದೀಪ ಇಟ್ಟುಕೊಂಡೆ. ಎಫ್‌ಎಲ್-41 ಅನ್ನುವ ಗುಲಾಬಿ ಛಾಯೆಯ ಗ್ಲಾಸ್ ಹಾಕಿಸಿದೆ, ಬೆಳಕು ಚುಚ್ಚುವುದು ಕಮ್ಮಿಯಾಯಿತು. ಔಷಧಿಗಳಲ್ಲಿ ಲ್ಯಾಮೋಟ್ರಿಜಿನ್, ಕ್ಲೋನಿಡಿನ್ ಮುಂತಾದವನ್ನು ಡಾಕ್ಟರು ಕೊಟ್ಟು ನೋಡುತ್ತಾರೆ. ಕೆಲವರಿಗೆ ಹಿಡಿಸುತ್ತದೆ, ಕೆಲವರಿಗೆ ಇಲ್ಲ. ನನಗೆ ಅರ್ಧ ಹಿಡಿಸಿತು.

ಎಲ್ಲಕ್ಕಿಂತ ದೊಡ್ಡದು ಪರೀಕ್ಷೆ ಮಾಡುವುದನ್ನು ಬಿಡುವುದು. ನಾನು ದಿನಕ್ಕೆ ಐವತ್ತು ಸಲ ಬಿಳಿ ಗೋಡೆ ನೋಡಿ “ಇವೆಯಾ?” ಅಂತ ಕೇಳಿಕೊಳ್ಳುತ್ತಿದ್ದೆ. ಹೆದರಿದಷ್ಟೂ ಜಾಸ್ತಿ ಕಾಣುತ್ತವೆ. ಈಗ ಚುಕ್ಕೆಗಳು ಇವೆ. ಈ ಉತ್ತರ ಬರೆಯುವ ತನಕ ಇವತ್ತು ಅವುಗಳ ನೆನಪೇ ಇರಲಿಲ್ಲ.

ಅಣ್ಣನತಮ್ಮ

ಒಂದೇ ವಿಷಯ ಸೇರಿಸುತ್ತೇನೆ. ದೀಪದ ಸುತ್ತ ಬಳೆ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಕಾಯುವಂಥದ್ದಲ್ಲ.

ನನ್ನ ಅಣ್ಣ ಯಾರದೋ ಮಾತು ಕೇಳಿ ದತ್ತೂರಿ ತಿಂದಿದ್ದ. ಅದೂ ಭ್ರಮೆ ಹುಟ್ಟಿಸುವುದೇ, ಆದರೆ ಬೇರೆ ಜಾತಿ. ಅದರಲ್ಲಿ ಅಟ್ರೋಪಿನ್, ಸ್ಕೋಪಲಮಿನ್ ಇರುತ್ತವೆ. ಕಣ್ಣಿನ ಡಾಕ್ಟರು ಪಾಪೆ ದೊಡ್ಡದು ಮಾಡಲು ಹಾಕುವ ಹನಿಗಳಲ್ಲಿ ಅಟ್ರೋಪಿನ್ ಕೂಡ ಒಂದು. ಭ್ರಮೆ ಎರಡು ದಿನಕ್ಕೆ ಇಳಿಯಿತು. ಪಾಪೆ ಇಳಿಯಲಿಲ್ಲ, ಹತ್ತಿರದ್ದು ಓದಲು ಆಗುತ್ತಿರಲಿಲ್ಲ. ಮೂರನೇ ರಾತ್ರಿ ಒಂದು ಕಣ್ಣು ಕೆಂಪಾಗಿ ಕಲ್ಲಿನ ಹಾಗೆ ಗಟ್ಟಿಯಾಯಿತು. ಬಳೆ, ಮಂಜು, ತಲೆ ಸಿಡಿಯುವ ನೋವು, ವಾಂತಿ. ನಾವು ಹೊಟ್ಟೆಯ ತೊಂದರೆ ಅಂದುಕೊಂಡು ಬೆಳಗಿನ ತನಕ ಕಾದೆವು. ಅದು ಕಣ್ಣಿನ ಒತ್ತಡ ದಿಢೀರ್ ಏರುವ ಗ್ಲಾಕೋಮಾ. ಪಾಪೆ ಹಿಗ್ಗಿ, ಒಳಗಿನ ನೀರು ಹೊರಗೆ ಹೋಗುವ ಕಿರಿದಾದ ದಾರಿ ಮುಚ್ಚಿಕೊಂಡಿತ್ತು. ಆ ಕಣ್ಣಿನ ಪಕ್ಕದ ನೋಟ ಸ್ವಲ್ಪ ಹೋಯಿತು, ವಾಪಸ್ ಬರಲಿಲ್ಲ. ಆ ರಾತ್ರಿಯ ಎಂಟು ಗಂಟೆಗಳನ್ನು ನಾನು ಇನ್ನೂ ಎಣಿಸುತ್ತೇನೆ.

ಪ್ಲಸ್ ಪವರ್ ಇರುವ ಕಣ್ಣು ಚಿಕ್ಕದಿರುತ್ತದೆ, ಆ ದಾರಿಯೂ ಕಿರಿದಾಗಿರಬಹುದು ಅಂತ ಆಗ ಡಾಕ್ಟರ್ ಹೇಳಿದ್ದರು. ನಿಮ್ಮ ಎಡಗಣ್ಣಿಗೆ ಪ್ಲಸ್ ಅಂದಿದ್ದೀರಿ. ಹೇಗೂ ಹೋಗುತ್ತೀರಲ್ಲ, ಒತ್ತಡ ಮತ್ತು ಆ ದಾರಿಯ ಕೋನ ಎರಡನ್ನೂ ನೋಡಿ ಅಂತ ಕೇಳಿ. ಬಳೆಯ ಜೊತೆ ನೋವು, ಕೆಂಪು, ವಾಂತಿ ಬಂದರೆ ಅದೇ ಗಳಿಗೆ ತುರ್ತು ಚಿಕಿತ್ಸೆಗೆ ಹೋಗಿ. ಮಿಂಚು ಹೊಡೆದ ಹಾಗಾಗಿ ಕಣ್ಣಿಗೆ ಪರದೆ ಇಳಿದ ಹಾಗೆ ಕಂಡರೂ ಅಷ್ಟೇ.

ಕರಡುಪುಟ

ಎಲ್ಲರಿಗೂ. ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಲೆನ್ಸ್‌ಪೆಟ್ಟಿಗೆ ಅಕ್ಕ, ನೀವು ಬರೆದುಕೊಟ್ಟ ವಾಕ್ಯವನ್ನು ಚೀಟಿಯಲ್ಲಿ ಬರೆದುಕೊಂಡು ಹೋದೆ. ಬಾಯಿಂದ ಬರಲಿಲ್ಲ, ಚೀಟಿಯನ್ನೇ ಕೊಟ್ಟೆ. ಡಾಕ್ಟರ್ ಓದಿ, ಮಡಚಿ, ನನಗೇ ವಾಪಸ್ ಕೊಟ್ಟರು. “ಹೇಳಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಎಲ್ಲೆಲ್ಲೋ ಹುಡುಕುತ್ತಿದ್ದೆ” ಅಂದರು. ಬೈಯಲಿಲ್ಲ.

ಓಸಿಟಿ ಮಾಡಿದರು. ಪರದೆಯ ಮೇಲೆ ನನ್ನ ರೆಟಿನಾ ನೋಡಿದೆ, ಬೆಟ್ಟದ ಸಾಲಿನ ನಡುವೆ ಒಂದು ಕಣಿವೆಯ ಹಾಗೆ. ಕಣಿವೆಯ ತಳದಲ್ಲಿ ಒಂದು ಬಿಳಿ ಗೆರೆ ಓಡಬೇಕು. ನನ್ನ ಬಲಗಣ್ಣಿನಲ್ಲಿ ಆ ಗೆರೆ ಒಂದು ಕಡೆ ಕಡಿದಿದೆ. ಇಷ್ಟೇ ಇಷ್ಟು, ಕಾಗದಕ್ಕೆ ಗುಂಡುಸೂಜಿ ಚುಚ್ಚಿದಷ್ಟು. ಎಡಗಣ್ಣಿನ ಗೆರೆ ಪೂರ್ತಿ ಇದೆ, ಆ ಕಣ್ಣಿನಲ್ಲಿ ಓದಲು ಬರುವುದಿಲ್ಲ ಅಷ್ಟೇ. ಅದನ್ನು ನೋಡುವಾಗ ತುಂಬಾ ಬೇಜಾರಾಯಿತು.

ಅಣ್ಣನತಮ್ಮ ಅವರೇ, ಒತ್ತಡ ಸರಿಯಾಗಿದೆ. ಎಡಗಣ್ಣಿನ ಕೋನ ಸ್ವಲ್ಪ ಕಿರಿದು ಅಂದರು, ವರ್ಷಕ್ಕೊಮ್ಮೆ ತೋರಿಸಬೇಕಂತೆ. ನೀವು ಹೇಳದಿದ್ದರೆ ನಾನು ಕೇಳುತ್ತಲೇ ಇರಲಿಲ್ಲ. ನಿಮ್ಮ ಅಣ್ಣನಿಗೆ ನನ್ನ ನಮಸ್ಕಾರ ತಿಳಿಸಿ.

ಔಷಧಿ ಕೊಡಲಿಲ್ಲ. ಆಮ್ಸ್ಲರ್ ಹಾಳೆ ಅಂತ ಸಣ್ಣ ಸಣ್ಣ ಚೌಕಗಳ ಒಂದು ಹಾಳೆ ಕೊಟ್ಟಿದ್ದಾರೆ. ವಾರಕ್ಕೊಮ್ಮೆ ಒಂದು ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಿ, ಯಾವ ಗೆರೆ ಮಾಯವಾಗಿದೆ, ಯಾವುದು ಸೊಟ್ಟಗಿದೆ ಅಂತ ಪೆನ್ಸಿಲ್‌ನಲ್ಲಿ ಗುರುತಿಸಬೇಕು. ಮೂರು ಹಾಳೆ ಆಗಿವೆ. ಮೊದಲನೆಯದರಲ್ಲಿ ನಾಲ್ಕು ಚೌಕ ಇಲ್ಲ. ಮೂರನೆಯದರಲ್ಲಿ ಮೂರು, ಅದರಲ್ಲೂ ಒಂದು ಮಸುಕಾಗಿ ಕಾಣುತ್ತದೆ. ಇದು ಸುಧಾರಣೆಯಾ, ನನ್ನ ಆಸೆಯಾ ಅಂತ ಮೂರು ತಿಂಗಳ ನಂತರದ ಸ್ಕ್ಯಾನ್ ಹೇಳಬೇಕು.

ಸಂಪಾದಕರಿಗೆ ಕಣ್ಣಿನ ತೊಂದರೆ ಅಂತ ಮಾತ್ರ ಹೇಳಿದೆ. ಅಕ್ಷರದ ಗಾತ್ರ ದೊಡ್ಡದು ಮಾಡಿ ಪುಟ ಕಳಿಸುತ್ತಿದ್ದಾರೆ. ಥ, ಧ ಬಂದ ಕಡೆಯೆಲ್ಲ ನೋಟವನ್ನು ಒಂದು ಕೂದಲೆಳೆ ಎಡಕ್ಕೆ ಸರಿಸಿ ಓದುವುದು ಅಭ್ಯಾಸವಾಗುತ್ತಿದೆ. ನಿಧಾನ. ದಿನಕ್ಕೆ ಅರುವತ್ತು ಪುಟ ಓದುತ್ತಿದ್ದವಳು ಇಪ್ಪತ್ತೈದಕ್ಕೆ ಬಂದಿದ್ದೇನೆ.

ಅಮ್ಮನಿಗೆ ಹೇಳಿದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಆ ಚೌಕದ ಹಾಳೆಯನ್ನು ಗೋಡೆಗೆ, ನನ್ನ ಕಣ್ಣಿನ ಎತ್ತರಕ್ಕೆ ಸರಿಯಾಗಿ ಅಂಟಿಸಿದ್ದರು.

ರಾತ್ರಿಪಾಳಿ ಸರ್, ನರರೋಗ ವೈದ್ಯರನ್ನು ನೋಡಲು ಬರುವ ಮಂಗಳವಾರ ಹೋಗುತ್ತಿದ್ದೇನೆ. ಗೋಡೆ ನೋಡಿ ಪರೀಕ್ಷೆ ಮಾಡುವುದನ್ನು ದಿನಕ್ಕೆ ಎರಡು ಸಲಕ್ಕೆ ಇಳಿಸಿದ್ದೇನೆ. ಒಂದು ಕೇಳುವುದಿತ್ತು. ಆ ಗುಲಾಬಿ ಗ್ಲಾಸನ್ನು ನೀವು ಟ್ಯೂಬ್‌ಲೈಟ್ ಕೆಳಗೆ ಮಾತ್ರ ಹಾಕುತ್ತೀರಾ, ಇಡೀ ದಿನವಾ? ಕರಡಿನಲ್ಲಿ ಕೆಂಪು ಶಾಯಿಯ ಗುರುತುಗಳನ್ನು ನೋಡಬೇಕು, ಅದರಲ್ಲಿ ಕೆಂಪು ಸರಿಯಾಗಿ ಕಾಣುತ್ತದಾ?